ಹಂದಿ ಶೆಡ್ಡಿಗೆ ಕಟ್ಟಿದ ಪರದೆ

ಹೆಡ್ ನರ್ಸ್ ತಾನೇ ಬಂದಿದ್ದಳು, ಆಳನ್ನು ಕಳಿಸಿರಲಿಲ್ಲ. ಅದು ಅವಳ ದೊಡ್ಡತನ. ಆದರೆ ಒಳಗೆ ಬರಲಿಲ್ಲ. ಬಿಳಿ ಕೋಟುಗಳ ಗಂಟನ್ನು ಹೊಸಿಲ ಮೇಲಿಟ್ಟು ಹಿಂದೆ ಸರಿದು, ಬೆಣ್ಣೆಯಿಂದ ಕೂದಲು ತೆಗೆಯುವವಳ ಹಾಗೆ ಮಾತು ತೆಗೆದಳು.

“ಹೊಲಿಗೆ ಬಗ್ಗೆ ಎರಡು ಮಾತಿಲ್ಲ. ಕಾಲರ್ ಅಂತೂ ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ.”

“ಮತ್ತೆ ವಾಪಸ್ ಯಾಕೆ ತಂದ್ರಿ?” ಸೊಸೆ ಕೇಳಿದಳು.

“ರೋಗಿಗಳು ಮೊದಲೇ ಹೊಟ್ಟೆ ತೊಳಸ್ತಾ ಮಲಗಿರ್ತಾರೆ. ನಮ್ಮ ಹುಡುಗೀರು ಈ ಕೋಟು ಹಾಕ್ಕೊಂಡು ಹತ್ರ ಹೋದ್ರೆ...” ನರ್ಸ್ ಮನೆಯ ಹಿಂದಿನ ಶೆಡ್ಡಿನ ಕಡೆ ನೋಡಿದಳು. “ನಿಮಗೇ ಗೊತ್ತಲ್ಲ.”

ಗೊತ್ತಿತ್ತು. ಆ ಮನೆಯಲ್ಲಿ ಹಂದಿಯ ನಾತ ಹಿಡಿಯದ ವಸ್ತುವೇ ಇರಲಿಲ್ಲ. ದಿಂಬು ನಾರುತ್ತಿತ್ತು, ಟವೆಲ್ಲು ನಾರುತ್ತಿತ್ತು, ಮುಚ್ಚಿಟ್ಟ ಬ್ರೆಡ್ಡಿನ ಡಬ್ಬಿ ತೆಗೆದರೆ ಅದರೊಳಗಿಂದಲೂ ಅದೇ ನಾತ ಮುಖಕ್ಕೆ ಹೊಡೆಯುತ್ತಿತ್ತು. ಬಟ್ಟೆಯನ್ನು ಸೋಪು ಹಾಕಿ ಎಷ್ಟು ಸಲ ಒಗೆದರೇನು, ಒಣಗುವುದು ಹಿತ್ತಲಲ್ಲೇ. ಶೆಡ್ಡಿನ ಕಡೆಯಿಂದ ಬರುವ ಗಾಳಿಯನ್ನು ಒದ್ದೆ ಹತ್ತಿ ಬಟ್ಟೆ ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತಿತ್ತು.

“ಇನ್ನೊಂದು ಸಲ ಬಟ್ಟೆ ಕಳಿಸ್ತೀನಿ. ಹೊಲಿದು, ಒಗೆದು, ಇಸ್ತ್ರಿ ಮಾಡಿ ತಂದುಕೊಡಿ,” ಎಂದಳು ನರ್ಸ್. “ಅದು ಸರಿ ಬಂದ್ರೆ ಇಡೀ ಆಸ್ಪತ್ರೆ ಹೊಲಿಗೆ ನಿಮ್ಮದೇ. ಇಲ್ಲಾಂದ್ರೆ ಬಸ್ ಸ್ಟ್ಯಾಂಡ್ ಹತ್ರ ಟೈಲರ್ ಬಾಯಿ ಬಿಟ್ಕೊಂಡು ಕಾಯ್ತಿದಾನೆ.”

ಸೊಸೆ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಮದುವೆಯಾಗಿ ಬಂದಾಗ ಮಾವ ಒಂದು ಕರಾರು ಹಾಕಿದ್ದ. “ಮೆಷಿನ್ ನಡೆಯೋವರೆಗೆ ಹೊಲಿ, ಬೇಡ ಅನ್ನಲ್ಲ. ಅದು ನಿಂತ ದಿನ ಬೂಟು ಹಾಕ್ಕೊಂಡು ಶೆಡ್ಡಿಗೆ ಬಾ. ಕೂತು ತಿನ್ನೋ ಮನೆ ಅಲ್ಲ ಇದು.” ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು, ಅದೇ ತೊಂದರೆ. ಅತ್ತೆ ಮದುವೆಯಾದ ವರ್ಷದಿಂದ ಶೆಡ್ಡಿನಲ್ಲೇ ಸವೆದವಳು. ಅವಳ ಅಂಗೈಯಲ್ಲಿ ಬಿರುಕುಗಳು, ಬಿರುಕುಗಳೊಳಗೆ ಬ್ರಷ್ ಹಾಕಿ ಉಜ್ಜಿದರೂ ಹೋಗದ ಕಪ್ಪು. ಆ ಕೈಯಲ್ಲೇ ಅವಳು ಬ್ರೆಡ್ ಕೊಯ್ಯುತ್ತಿದ್ದಳು. ಸೊಸೆ ದಿನಾ ಆ ಕೈ ನೋಡಿ ತನ್ನ ತುತ್ತನ್ನು ನುಂಗುತ್ತಿದ್ದಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಸೊಸೆ ಒಂದು ಕೋಟನ್ನು ತಂದು ಮೇಜಿನ ನಡುವೆ, ಆಲೂಗಡ್ಡೆ ಬಟ್ಟಲಿನ ಪಕ್ಕದಲ್ಲೇ ಇಟ್ಟಳು.

“ಮೂಸಿ ನೋಡಿ.”

ಮಾವ ಮೂಸಿದ. “ನಂಗೇನೂ ಬರ್ತಿಲ್ಲಪ್ಪ.”

“ನಿಮ್ಮ ಮೂಗು ಇರೋದು ಕನ್ನಡಕ ಕೂರಿಸೋಕೆ ಮಾತ್ರ,” ಎಂದಳು ಅತ್ತೆ. “ಹೇಲು ತಟ್ಟೇಲಿ ಹಾಕಿ ಕೊಟ್ರೂ ಉಪ್ಪು ಸಾಲದು ಅಂತೀರ.”

“ನಾತ ನಾತ ಅಂತ ಮೂಗು ಮುರೀಬೇಡಿ. ಆ ನಾತದಲ್ಲೇ ನಮ್ಮ ಅನ್ನ ಇದೆ. ಕೈ ಕೆಸರಾದರೆ ಬಾಯಿ ಮೊಸರು.”

“ಕೆಸರಾಗಿದ್ದು ನನ್ನ ಕೈ. ಮೊಸರು ಯಾರ ಬಾಯಿಗೆ ಹೋಯ್ತೋ ನಂಗೆ ಗೊತ್ತಿಲ್ಲ.”

ಗಂಡ ಇಬ್ಬರ ನಡುವೆ ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದ. ಹೆಂಡತಿಯನ್ನು ಪ್ರೀತಿಸುವವನು, ಅಪ್ಪನಿಗೆ ಹೆದರುವವನು. ಇಂಥವರು ಅಡ್ಡಗೋಡೆಯ ಮೇಲೆ ದೀಪ ಇಟ್ಟೇ ಆಯುಸ್ಸು ಕಳೆಯುತ್ತಾರೆ. ಅವತ್ತು ಮಾತ್ರ ಅವನು ಬಾಯಿ ಬಿಟ್ಟ.

“ನಾನು ಒಂದು ಉಪಾಯ ಮಾಡ್ತೀನಿ. ವಾಸನೆ ಆಚೆ ಬಂದ್ರೆ ತಾನೆ ಬಟ್ಟೆಗೆ ಹಿಡಿಯೋದು? ಆಚೆ ಬರದ ಹಾಗೆ ಮಾಡಿದ್ರೆ?”

“ಮಾಡು ನೋಡೋಣ,” ಎಂದ ಮಾವ. “ಖರ್ಚಿಲ್ಲದೆ ಮಾಡು.”

ಖರ್ಚಿಲ್ಲದೆಯೇ ಮಾಡಿದ. ಶೆಡ್ಡಿಗೆ ಎರಡೂ ಕಡೆ ಸೊಂಟದೆತ್ತರದ ಗೋಡೆ, ಅದರ ಮೇಲೆ ಗಾಳಿಯಾಡಲು ಬಯಲು. ಆ ಬಯಲಿಗೆ ಹಳೇ ಟಾರ್ಪಾಲುಗಳನ್ನು ಜೋಡಿಸಿ, ಮೇಲಿಂದ ಕೆಳಗೆ ಇಳಿಬಿಟ್ಟು, ಹಗ್ಗ ಬಿಗಿದು ಕಟ್ಟಿದ. ತಗಡಿನ ಸೂರಿನ ನೆತ್ತಿಯಲ್ಲಿದ್ದ ಸಂದಿಗೆ ಖಾಲಿ ಮೇವಿನ ಚೀಲಗಳನ್ನು ತುರುಕಿದ. ರಸ್ತೆ ಕಡೆಯ ಸರಳು ಕಟ್ಟಿದ ಅಂಕಣಗಳಿಂದ ಹಂದಿಗಳನ್ನು ಎಬ್ಬಿಸಿ ಒಳಗಿನ ಅಂಕಣಗಳಿಗೆ ತುಂಬಿದ. ಮೊದಲೇ ಅವು ಮಗ್ಗುಲು ಬದಲಿಸಲು ಒಂದನ್ನೊಂದು ಕೇಳಬೇಕಿತ್ತು, ಈಗ ಕಾಲು ಚಾಚಬೇಕಾದರೂ ಇನ್ನೊಂದರ ಹೊಟ್ಟೆಯ ಮೇಲೇ ಚಾಚಬೇಕು. ಹಿಂದಿನ ಚರಂಡಿಗೆ ದಿನಕ್ಕೆರಡು ಸಲ ನೀರು ಬಿಟ್ಟು ತೊಳೆಯುವುದಿತ್ತು. ಆಗಲೇ ನಾತ ಹೆಚ್ಚು ಏಳುವುದು. ಅದನ್ನೂ ನಿಲ್ಲಿಸಿ, ವಾರಕ್ಕೊಮ್ಮೆ, ಬಟ್ಟೆ ಒಗೆಯದ ದಿನ ಮಾತ್ರ ಬಿಡುವುದೆಂದು ಗೊತ್ತು ಮಾಡಿದ. ಅತ್ತೆ ತನ್ನ ಪಾಲಿಗೆ ಹಿತ್ತಲಿಗೆಲ್ಲ ಫಿನಾಯಿಲ್ ಸುರಿದಳು.

ಕೆಲವೇ ದಿನಗಳಲ್ಲಿ ನಾತ ಇಳಿಯಿತು. ಸೊಸೆ ಒಂದು ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಹಿತ್ತಲಲ್ಲಿ ಹರವಿ, ಒಣಗಿದ ಮೇಲೆ ತಂದು ಒಬ್ಬೊಬ್ಬರ ಮೂಗಿಗೂ ಹಿಡಿದಳು.

“ಫಿನಾಯಿಲ್ ಬರ್ತಿದೆ,” ಎಂದಳು ಅತ್ತೆ.

“ಆಸ್ಪತ್ರೆಗೆ ಅದು ಒಗ್ಗುತ್ತೆ ಬಿಡಿ,” ಎಂದು ಸೊಸೆ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕಿದ್ದು ಅಪರೂಪ. ಗಂಡ ಅದನ್ನೇ ನೋಡುತ್ತ ನಿಂತ.

“ನನ್ನ ಮೂಗಿಗೂ ಹಿಡಿ,” ಎಂದ ಮಾವ.

“ನಿಮ್ಮ ಓಟು ಲೆಕ್ಕಕ್ಕಿಲ್ಲ,” ಎಂದಳು ಅತ್ತೆ.

ಆಸ್ಪತ್ರೆಯಿಂದ ಹೊಸ ಬಟ್ಟೆಯ ಥಾನು ಬಂತು. ಸೊಸೆ ಮೆಷಿನ್ನಿಗೆ ಎಣ್ಣೆ ಬಿಟ್ಟು ಕೂತಳು. ಊಟ ಮುಗಿಸಿ ಬಟ್ಟಲು ತೊಳೆಯುವ ಪಾಳಿಯನ್ನೂ ಅತ್ತೆ ತಾನೇ ವಹಿಸಿಕೊಂಡಳು. “ನೀನು ಹೊಲಿ. ನಮ್ಮ ಕಾಲ ಅಂತೂ ಹೇಲು ಬಾಚೋದರಲ್ಲೇ ಹೋಯ್ತು,” ಎಂದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಗಾದೆಯನ್ನು ಕೊಂಕಿಲ್ಲದೆ ಹೇಳಿದ ಅತ್ತೆ ಅವಳೊಬ್ಬಳೇ ಇರಬೇಕು.

ಸೊಸೆ ಹೊಸದಾಗಿ ಒಂದು ನಿಯಮ ಮಾಡಿದಳು. ಶೆಡ್ಡಿನಿಂದ ಬಂದವರು ಹಿತ್ತಲ ಬಾಗಿಲಲ್ಲೇ ಬಟ್ಟೆ ಕಳಚಿ, ಅಲ್ಲೇ ಮಿಂದು, ಬೇರೆ ಬಟ್ಟೆ ಉಟ್ಟು ಒಳಗೆ ಬರಬೇಕು. ಮಾವ ಗೊಣಗುತ್ತಲೇ ಒಪ್ಪಿದ. ಗಂಡ ಗೊಣಗದೆ ಒಪ್ಪಿದ. ಹಾಗಾಗಿ ಶೆಡ್ಡಿನೊಳಗೆ ಏನಾಗುತ್ತಿದೆ ಅನ್ನುವುದು ಬಟ್ಟೆಯ ಮೇಲೂ ಅಂಟಿಕೊಂಡು ಮನೆಯೊಳಗೆ ಬರುವಂತಿರಲಿಲ್ಲ.

ಒಳಗೆ ಹಂದಿಗಳು ಕೆಮ್ಮತೊಡಗಿದ್ದವು.

ಹಂದಿಯನ್ನು ಹೊಲಸು ಪ್ರಾಣಿ ಅನ್ನುವವರು ಹಂದಿ ಸಾಕಿದವರಲ್ಲ. ಜಾಗ ಕೊಟ್ಟರೆ ಅದು ಒಂದು ಮೂಲೆಯಲ್ಲಿ ಕೊಳೆ ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ, ಎಷ್ಟೋ ಮನುಷ್ಯರಿಗಿಂತ ವಾಸಿ. ಜಾಗವೂ ಇಲ್ಲ, ಗಾಳಿಯೂ ಇಲ್ಲ, ಬೆವರಲು ಬಾರದ ಮೈಯಲ್ಲಿ ಧಗೆ ಏರುತ್ತಿದೆ ಅಂದರೆ ಅದು ತನ್ನ ಹೇಲಿನಲ್ಲೇ ಹೊರಳಿ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ನಿಂತ ಉಚ್ಚೆಯ ಘಾಟು ಎಲ್ಲಕ್ಕೂ ಕಣ್ಣಲ್ಲಿ ನೀರು ತರಿಸಿತು. ಮಾಡಲು ಕೆಲಸವಿಲ್ಲ, ಕೆದಕಲು ಮಣ್ಣಿಲ್ಲ, ಮೂತಿಯ ಮುಂದೆ ಇರುವುದು ಇನ್ನೊಂದರ ಬಾಲ. ಮೊದಲು ನೆಕ್ಕಿದವು. ಆಮೇಲೆ ಜಗಿದವು. ಒಮ್ಮೆ ರಕ್ತದ ರುಚಿ ಹತ್ತಿದ ಮೇಲೆ ಬಿಡಿಸುವವರು ಯಾರು?

ಒಂದು ದಿನ ಹಿತ್ತಲಲ್ಲಿ ಮೈಗೆ ನೀರು ಹಾಕಿಕೊಳ್ಳುತ್ತ ಗಂಡ ಅಪ್ಪನಿಗೆ ಹೇಳಿದ, “ನಡು ಅಂಕಣದಲ್ಲಿ ಬಾಲ ಕಡಿದಿದಾವೆ.”

“ಬಾಲ ತಾನೆ? ಬಾಲ ಯಾರು ತೂಕಕ್ಕೆ ಹಾಕ್ತಾರೆ? ಗಾಯಕ್ಕೆ ಡಾಂಬರು ಬಳಿ, ಕಚ್ಚಲ್ಲ.”

“ಬಳಿದೆ. ಅದನ್ನೂ ನೆಕ್ಕಿದಾವೆ.”

“ಸ್ವಲ್ಪ ದಿನ. ಇವಳ ಕೋಟು ಹೋಗ್ಲಿ.”

ಒಳಗೆ ಕಾಜಾ ಹೊಲಿಯುತ್ತಿದ್ದ ಸೊಸೆಗೆ ‘ಬಾಲ’ ಅನ್ನುವುದು ಕೇಳಿಸಿತು. ಅವಳು ಕೇಳಲು ಹೋಗಲಿಲ್ಲ. ಕೇಳದೇ ಇರುವುದೂ ಒಂದು ವಿದ್ಯೆ; ಆ ಮನೆಯಲ್ಲಿ ಎಲ್ಲರೂ ಅದನ್ನು ಬೇಗ ಕಲಿತರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಾದರೂ ಒಬ್ಬಂಟಿಯಾಗಿ ಕುಡಿಯುತ್ತದೆ, ಇಲ್ಲಿ ಒಂದು ಸಂಸಾರವೇ ಸಾಲಾಗಿ ಕೂತು ಕುಡಿಯುತ್ತಿತ್ತು.

ಗಂಡ ದನದ ಡಾಕ್ಟರಿಗೆ ಫೋನು ಮಾಡಿದ. ಡಾಕ್ಟರು ಬೈದರು. “ಔಷಧಿ ಎಂಥದಯ್ಯ? ಪರದೆ ಬಿಚ್ಚು, ಅರ್ಧ ಹಂದಿ ಬೇರೆ ಮಾಡು, ಒಣಹುಲ್ಲು ಹಾಕು ಕೆದಕೋಕೆ. ನಿನ್ನನ್ನು ಹತ್ತು ಜನರ ಜೊತೆ ಕಕ್ಕಸಲ್ಲಿ ಕೂಡಿಹಾಕಿದ್ರೆ ನೀನೂ ಕಚ್ತೀಯ.”

ಅವನು ಹೆಂಡತಿಯ ಹತ್ತಿರ ಬಂದು ಮೆಷಿನ್ನಿನ ಪಕ್ಕ ನಿಂತ. ಅವನ ಕಣ್ಣುಗಳು ಕೆಂಡದ ಹಾಗೆ ಕೆಂಪಾಗಿದ್ದವು.

“ಪರದೆ ಬಿಚ್ಚಬೇಕಾಗಬಹುದು. ಹಂದಿಗಳಿಗೆ ಸರಿ ಹೋಗ್ತಿಲ್ಲ.”

ಅವಳು ಪೆಡಲು ನಿಲ್ಲಿಸಲಿಲ್ಲ. “ಶುಕ್ರವಾರ ಕೋಟು ಕೊಡೋದು. ಆಮೇಲೆ ಬಿಚ್ಚಿ.”

“ನೀನು ಒಂದು ಸಲ ಬಂದು ನೋಡಿದ್ರೆ...”

“ನೋಡಿ ಏನು ಮಾಡ್ಲಿ? ಶುಕ್ರವಾರದವರೆಗೆ ಬಿಚ್ಚಬೇಡಿ. ನನ್ನ ಆಣೆ.”

ಅವನು ಅಡುಗೆಮನೆಗೆ ಹೋಗಿ ಅಮ್ಮನ ಎದುರು ಕೂತ. ಅತ್ತೆ ಈರುಳ್ಳಿ ಹೆಚ್ಚುತ್ತ ಕೆಮ್ಮುತ್ತಿದ್ದಳು. ಶೆಡ್ಡಿನ ಕೆಮ್ಮು ಅವಳಿಗೂ ಅಂಟಿತ್ತು.

“ಒಪ್ಪಲಿಲ್ವಾ?”

“ಅವಳು ನೋಡಿಲ್ಲಮ್ಮ, ಅದಕ್ಕೇ. ನೋಡಿದ್ರೆ ಒಂದು ಗಳಿಗೆನೂ ತಡೀತಿರಲಿಲ್ಲ. ಒಳ್ಳೆ ಮನಸ್ಸು ಅವಳದು.”

“ನೀನು ನೋಡಿದೀಯಲ್ಲ, ನೀನೇ ಬಿಚ್ಚು.”

“ಆಣೆ ಹಾಕಿದಾಳೆ.”

“ಗಂಡಸರಿಗೆ ಬೇಕಾದಾಗ ಆಣೆ ಸಿಗುತ್ತೆ,” ಎಂದಳು ಅತ್ತೆ. ಆದರೆ ಅವಳೂ ಎದ್ದು ಹೋಗಿ ಬಿಚ್ಚಲಿಲ್ಲ.

ಸೋಮವಾರ ಅತ್ತೆಗೆ ಜ್ವರ ಬಂತು. ಅಪ್ಪ ಮಗ ಇಬ್ಬರೂ ಮೇವು ತರಲು ಗಿರಣಿಗೆ ಹೋಗಿದ್ದರು. ಮಧ್ಯಾಹ್ನದ ಮೇವಿನ ಹೊತ್ತು ಮೀರಿ ಶೆಡ್ಡಿನಿಂದ ಕಿರುಚಾಟ ಎದ್ದಿತು. ಅತ್ತೆ ಏಳಲು ಹೋಗಿ ಗೋಡೆ ಹಿಡಿದು ಕೂತಳು.

“ನಾನು ಹಾಕಿ ಬರ್ತೀನಿ,” ಎಂದಳು ಸೊಸೆ.

“ಬೇಡ ಕಣೆ. ಗಂಡಸರು ಬರ್ಲಿ.”

“ಎಷ್ಟು ಹೊತ್ತು ಕಿರುಚಬೇಕು ಅವು? ಮಲಗಿ ನೀವು.”

ಅತ್ತೆಯ ಬೂಟು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳು ಶೆಡ್ಡಿನ ಬಾಗಿಲು ತೆಗೆದಳು. ಘಾಟು ಮುಖಕ್ಕೆ ರಾಚಿತು. ಕಣ್ಣು ಬಿಡಲಾಗಲಿಲ್ಲ. ಅಲ್ಲೇ ಬಾಗಿಲ ಬಳಿ ಬೆಳಗ್ಗೆ ತಿಂದ ಬ್ರೆಡ್ಡು ಮೊಟ್ಟೆ ಎಲ್ಲ ಕಾರಿಕೊಂಡಳು. ಹತ್ತಿರದ ಅಂಕಣದ ಹಂದಿಗಳು ಸರಳಿನ ಸಂದಿಯಿಂದ ಮೂತಿ ಚಾಚಿ ಅದನ್ನೂ ನೆಕ್ಕಿದವು. ಅದನ್ನು ನೋಡಿ ಮತ್ತೆ ಕಾರಿಕೊಂಡಳು.

ನೆಲ ಕಾಣುತ್ತಿರಲಿಲ್ಲ. ಗೊರಸು ಮುಳುಗುವಷ್ಟು ಕಪ್ಪು ರಾಡಿ, ಅದರಲ್ಲೇ ಮಲಗಿದ್ದವು, ಅದರಲ್ಲೇ ನಿಂತಿದ್ದವು. ತಗಡಿನ ಒಳಮೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಗುಲಾಬಿ ಮೈಬಣ್ಣ ಉಳಿದ ಹಂದಿ ಒಂದೂ ಇರಲಿಲ್ಲ. ಅವಳು ಉಸಿರು ಬಿಗಿಹಿಡಿದು ಬಕೆಟ್ಟಿನಿಂದ ಮೇವು ಸುರಿಯುತ್ತ ಹೋದಳು. ನಡು ಅಂಕಣಕ್ಕೆ ಬಂದಾಗ ಎಲ್ಲ ಹಂದಿಗಳೂ ತೊಟ್ಟಿಗೆ ನುಗ್ಗಿದವು, ಒಂದು ಬರಲಿಲ್ಲ. ಅದು ಗೋಡೆಗೆ ಒರಗಿ ನಿಂತಿತ್ತು. ಬಾಲ ಇರಬೇಕಾದ ಕಡೆ ಒಂದು ಹಳ್ಳ. ಮುಷ್ಟಿ ಹಿಡಿಸುವಷ್ಟು. ಸುತ್ತ ಡಾಂಬರು, ನಡುವೆ ಕೆಂಪು ಮಾಂಸ, ಅದರ ಮೇಲೆ ನೊಣ. ಮೇವು ತಿಂದು ಮುಗಿಸಿದ ಇನ್ನೊಂದು ಹಂದಿ ಹಿಂದೆ ಬಂದು, ಆತುರವಿಲ್ಲದೆ, ಆ ಹಳ್ಳಕ್ಕೆ ಬಾಯಿ ಹಾಕಿತು. ಗೋಡೆಗೆ ಒರಗಿದ್ದ ಹಂದಿ ಕಿರುಚಲಿಲ್ಲ. ಒಂದು ಹೆಜ್ಜೆ ಸರಿಯಿತು ಅಷ್ಟೆ. ಸರಿಯಲು ಅಲ್ಲಿ ಜಾಗವಿದ್ದದ್ದೂ ಒಂದೇ ಹೆಜ್ಜೆ.

“ಥೂ,” ಎಂದಳು ಸೊಸೆ. ಯಾರಿಗೆ ಅಂದಳೋ.

ಅವಳು ಪಕ್ಕದ ಕಂಬಕ್ಕೆ ಹೋಗಿ ಟಾರ್ಪಾಲಿನ ಹಗ್ಗಕ್ಕೆ ಕೈ ಹಾಕಿದಳು. ಗಂಟು ಸಡಿಲವೇ ಇತ್ತು, ಎಳೆದರೆ ಬಿಚ್ಚಿಕೊಳ್ಳುವಂಥದು. ಟಾರ್ಪಾಲಿನ ಅಂಚಿನ ಸಂದಿಯಿಂದ ಹಿತ್ತಲು ಕಾಣುತ್ತಿತ್ತು. ಬೆಳಗ್ಗೆ ಒಗೆದು ಹರವಿದ್ದ ಕೋಟುಗಳು ಸಾಲಾಗಿ ತೂಗಾಡುತ್ತಿದ್ದವು, ತೋಳಿನ ತುದಿಗಳಿಂದ ಇನ್ನೂ ನೀರು ಹನಿಯುತ್ತಿತ್ತು. ಗಾಳಿ ಶೆಡ್ಡಿನಿಂದ ಕೋಟುಗಳ ಕಡೆಗೇ ಬೀಸುತ್ತಿತ್ತು.

ಹಗ್ಗ ಹಿಡಿದು ಅವಳು ನಿಂತೇ ಇದ್ದಳು. ಅವಳಿಗೆ ಪಾಪ ಅನ್ನಿಸಿತು, ಅಸಹ್ಯ ಅನ್ನಿಸಿತು, ಅತ್ತೆಯ ಕೈ ನೆನಪಾಯಿತು. ಆಮೇಲೆ ಗಂಟನ್ನು ಇನ್ನೊಂದು ಸುತ್ತು ಬಿಗಿದು, ಖಾಲಿ ಬಕೆಟ್ಟು ಎತ್ತಿಕೊಂಡು ಆಚೆ ಬಂದಳು. ಮೈಗೆಲ್ಲ ಸೋಪು ಹಾಕಿ ಚರ್ಮ ಕೆಂಪಾಗುವಂತೆ ಉಜ್ಜಿಕೊಂಡು ಮಿಂದಳು. ಬೂಟು ತೊಳೆದು ಇದ್ದ ಕಡೆಯೇ ಇಟ್ಟಳು.

“ಏನಾದ್ರೂ ನೋಡ್ದ್ಯಾ?” ಅತ್ತೆ ಮಲಗಿದ್ದಲ್ಲಿಂದಲೇ ಕೇಳಿದಳು.

“ಕಣ್ಣೇ ಬಿಡೋಕಾಗಲಿಲ್ಲ. ಮೇವು ಸುರಿದು ಬಂದೆ.”

ಗಂಡಸರು ಬಂದ ಮೇಲೆ ಮೇವು ಹಾಕಿದವರು ಯಾರು ಅಂತ ಯಾರೂ ಕೇಳಲಿಲ್ಲ. ಅತ್ತೆಯೇ ಎದ್ದು ಹಾಕಿರಬೇಕು ಅಂದುಕೊಂಡರು. ಸೊಸೆ ಮೆಷಿನ್ನಿನ ಮುಂದೆ ಕೂತು ಉಳಿದ ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದಳು.

ಶುಕ್ರವಾರ ಅವಳು ಕೋಟುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದಳು. ಹೆಡ್ ನರ್ಸ್ ಒಂದು ಕೋಟಿನ ಕಾಲರನ್ನು ಮೂಗಿನ ಹತ್ತಿರ ತಂದು ನಿಧಾನಕ್ಕೆ ಉಸಿರೆಳೆದಳು.

“ಈಗ ನೋಡಿ, ಬಟ್ಟೆ ಅಂದ್ರೆ ಬಟ್ಟೆ ವಾಸನೆ. ಹೇಗೆ ಮಾಡಿದ್ರಿ?”

“ಒಣಗಿಸೋ ಜಾಗ ಬದಲಾಯಿಸಿದ್ವಿ,” ಎಂದಳು ಸೊಸೆ.

“ಸೋಮವಾರದಿಂದ ಹಾಸಿಗೆ ಬಟ್ಟೆನೂ ಕಳಿಸ್ತೀನಿ. ವರ್ಷಪೂರ್ತಿ ಕೆಲಸ, ಸುಸ್ತಾಯ್ತು ಅನ್ನಬಾರದು.”

ಅವಳು ಮನೆಗೆ ಬರುವ ಹೊತ್ತಿಗೆ ಗಂಡ ಪರದೆ ಬಿಚ್ಚುತ್ತಿದ್ದ. ಇಷ್ಟು ದಿನ ಕೂಡಿಟ್ಟ ನಾತವೆಲ್ಲ ಒಟ್ಟಿಗೆ ಹಿತ್ತಲಿಗೆ, ರಸ್ತೆಗೆ, ಮನೆಯೊಳಗೆ ನುಗ್ಗಿತ್ತು. ದಾರಿಹೋಕರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. “ಬಾಡಿಗೆಗೆ ಒಂದು ಕೋಣೆ ನೋಡಿದೀನಿ, ಪೇಟೆ ಹತ್ರ,” ಎಂದು ಅವನು ಏಣಿಯ ಮೇಲಿಂದಲೇ ಕೂಗಿದ. “ನೀನು ಮೆಷಿನ್ ಅಲ್ಲಿಗೇ ಹಾಕ್ಕೋ. ಹಂದಿ ಅದರ ಪಾಡಿಗೆ, ನೀನು ನಿನ್ನ ಪಾಡಿಗೆ.” ಈ ಬುದ್ಧಿ ತಿಂಗಳ ಹಿಂದೆ ಬಂದಿದ್ದರೆ ಅನ್ನುವ ಮಾತು ಇಬ್ಬರ ಬಾಯಿಗೂ ಬಂದಿತ್ತು, ಇಬ್ಬರೂ ಆಡಲಿಲ್ಲ.

ಸಂಜೆ ಮೇಜಿನ ಮೇಲೆ ದೊಡ್ಡ ಪಾತ್ರೆ ಬಂತು. ಆಲೂಗಡ್ಡೆ, ಈರುಳ್ಳಿ ಹಾಕಿ ಬೇಯಿಸಿದ ಮಾಂಸ. ಮಾವ ಖುಷಿಯಲ್ಲಿದ್ದ. ಎಲ್ಲರ ತಟ್ಟೆಗೂ ತಾನೇ ಬಡಿಸಿದ, ಸೊಸೆಯ ತಟ್ಟೆಗೆ ದೊಡ್ಡ ತುಂಡು.

“ವರ್ಷಪೂರ್ತಿ ದುಡಿಯೋಳು, ತಿನ್ನು.”

“ಇವತ್ತು ಯಾಕೆ ಮಾಂಸ?” ಸೊಸೆ ಕೇಳಿದಳು. ಮಾರುವ ಹಂದಿಯನ್ನು ಆ ಮನೆಯಲ್ಲಿ ಕೊಯ್ಯುತ್ತಿರಲಿಲ್ಲ.

“ಒಂದು ಬಿದ್ದುಹೋಗೋ ಹಾಗಿತ್ತು. ಸಾಯೋಕೆ ಮುಂಚೆ ಕುತ್ತಿಗೆ ಕೊಯ್ದೆ. ಹಿಂಭಾಗ ಎಲ್ಲ ಕೊಳೆತಿತ್ತು, ಬಿಸಾಕಿದೀನಿ. ಇದು ಮುಂದಿನ ಕಾಲು, ಏನೂ ಆಗಲ್ಲ.”

ಸೊಸೆ ಚಮಚವನ್ನು ಕೆಳಗಿಟ್ಟಳು.

“ಯಾಕೆ, ವಾಸನೆ ಬರ್ತಿದ್ಯಾ?” ಅತ್ತೆ ಕೇಳಿದಳು.

“ಯಾವ ಹಂದಿ? ನಡು ಅಂಕಣದಲ್ಲಿ ಗೋಡೆಗೆ ಒರಗಿ ನಿಂತಿತ್ತಲ್ಲ, ಅದಾ?”

ಅಗಿಯುತ್ತಿದ್ದ ಗಂಡನ ಬಾಯಿ ನಿಂತಿತು. “ನೀನು ಯಾವಾಗ ನೋಡಿದೆ?”

ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು, ಇವತ್ತು ಬಾಗಿಲ ಬಳಿಯಿಂದ ನೋಡಿದೆ ಅನ್ನಬಹುದಿತ್ತು. ಆದರೆ ಸುಳ್ಳು ಹೆಣೆಯುವ ಶಕ್ತಿ ಇರಲಿಲ್ಲ.

“ಸೋಮವಾರ. ಮೇವು ಹಾಕಿದ್ದು ನಾನೇ.”

“ಸೋಮವಾರ ಅದು ಬದುಕೋ ಹಾಗಿತ್ತು,” ಎಂದ ಗಂಡ. “ಬೇರೆ ಕಟ್ಟಿ ಗಾಳಿಗೆ ಬಿಟ್ಟಿದ್ರೆ ಬದುಕ್ತಿತ್ತು. ಒಬ್ಬಳೇ ಇದ್ದೆ. ಹಗ್ಗ ಅಲ್ಲೇ ಇತ್ತು. ಯಾಕೆ ಬಿಚ್ಚಲಿಲ್ಲ?”

“ಕೋಟು ಇನ್ನೂ ಒಣಗಿರಲಿಲ್ಲ.”

ಅತ್ತೆ ಕೆಮ್ಮನ್ನು ತಡೆದುಕೊಂಡು ಮುಖ ಆಚೆ ತಿರುಗಿಸಿದಳು. ಮಾವ ಮಾತ್ರ ಮೂಳೆ ಚೀಪುತ್ತ, ಇದರಲ್ಲಿ ಕೇಳುವಂಥದ್ದೇನಿದೆ ಅನ್ನುವ ಹಾಗೆ ಇಬ್ಬರನ್ನೂ ನೋಡಿದ. ತಿಂಗಳಿಡೀ ದಿನಾ ಅದೇ ಹಂದಿಯನ್ನು ನೋಡಿ, ಡಾಂಬರು ಬಳಿದು, ಮಿಂದು ಒಳಗೆ ಬಂದು ಊಟ ಮಾಡಿದ್ದ ಗಂಡ ಬಾಯಲ್ಲಿದ್ದ ತುತ್ತನ್ನು ನುಂಗಿ, ತನ್ನ ಕುರ್ಚಿಯನ್ನು ಅವಳಿಂದ ಒಂದು ಗೇಣು ಆಚೆಗೆ ಎಳೆದುಕೊಂಡ.